ಅಂಗಾಲು

ಹಾಲಗುಂಡನಾಳದ ಸರಕಾರಿ ದವಾಖಾನೆಗೆ ಸುಮಿತ್ರಾಬಾಯಿ ಬಂದ ಹೊಸದರಲ್ಲಿ ಊರವರು ಅವಳನ್ನು ನರ್ಸು ಎಂದೇ ತಿಳಿದಿದ್ದರು. ಇಂಡಿ, ಸಿಂದಗಿಯಂಥ ಊರಿಗೇ ಹೆಣ್ಣು ಡಾಕ್ಟರು ಬಂದದ್ದು ಅಪರೂಪ. ಎರಡೂ ಊರಿನ ನಡುವೆ ಕರಿನೆಲದಲ್ಲಿ ಹುದುಗಿದ್ದ ಈ ಹಳ್ಳಿಗೆ ಬರುತ್ತಾಳೆಂದರೆ ಯಾರು ನಂಬಬೇಕು? "ದೊಡ್ಡ ಡಾಕ್ಟರು ಯಾವಾಗ ಬರ್ತಾರ್ರಿ?" ಎಂದು ಕೇಳಿದವರಿಗೆ ಆಯಾ ರಾಜಬಿ, "ಇವ್ರ ದೊಡ್ಡ ಡಾಕ್ಟರು. ಇದಕ್ಕಿಂತ ದೊಡ್ಡವರು ಬೇಕಂದ್ರ ಮ್ಯಾಲ ಹೋಗಬೇಕು," ಎಂದು ಆಕಾಶದತ್ತ ಕೈ ಮಾಡುತ್ತಿದ್ದಳು. ಎರಡು ಹೆರಿಗೆ, ಒಂದು ಹಾವಿನ ಕಡಿತ, ಗೌಡರ ಮನೆಯ ಒಂದು ಟೈಫಾಯಿಡು ವಾಸಿಯಾದ ಮೇಲೆ ಆ ಪ್ರಶ್ನೆ ನಿಂತುಹೋಯಿತು. ಅವಳು ಎಲ್ಲರ ಬಾಯಲ್ಲಿ ಡಾಕ್ಟರಬಾಯಿ ಆದಳು.

ಚಡಚಣದ ವ್ಯಾಪಾರಸ್ಥರ ಮನೆಯ ಐದನೆಯ ಮಗಳು ಅವಳು. ನಾಲ್ಕು ಹೆಣ್ಣುಮಕ್ಕಳ ಮದುವೆ ಮಾಡಿ ದಣಿದಿದ್ದ ಅಪ್ಪ, ಐದನೆಯವಳು ಮದುವೆ ಬೇಡ, ಓದುತ್ತೇನೆ ಎಂದು ಹಟ ಹಿಡಿದಾಗ ಹೊರಗೆ ಗದರಿ ಒಳಗೊಳಗೇ ಖುಷಿಪಟ್ಟು ಮಿರಜಿಗೆ ಕಳಿಸಿಬಿಟ್ಟಿದ್ದ. ಈಗ ಅವಳಿಗೆ ನಾಲ್ವತ್ತು ದಾಟಿತ್ತು. ಕಿವಿಯ ಮೇಲೆ ನೆರೆಗೂದಲು ಬಂದಿತ್ತು. ಯಾರಿಗೂ ಜೋರಾಗಿ ಮಾತಾಡಿದವಳಲ್ಲ, ಯಾರ ಜೋರಿಗೂ ಬಗ್ಗಿದವಳೂ ಅಲ್ಲ.

ಅದು ಎಪ್ಪತ್ತಾರನೆಯ ಇಸವಿ. ದೇಶದಲ್ಲಿ ತುರ್ತು ಪರಿಸ್ಥಿತಿ ಬಂದು ವರ್ಷವಾಗುತ್ತ ಬಂದಿತ್ತು. ಚಾದ ಅಂಗಡಿಯಲ್ಲಿ ಕೂತವರು ಮಳೆ ಬೆಳೆ ಬಿಟ್ಟು ಬೇರೆ ಮಾತೆತ್ತಿದರೆ ಒಮ್ಮೆ ಹಿಂದೆ ತಿರುಗಿ ನೋಡುತ್ತಿದ್ದರು. ಪೊಲೀಸ್ ಠಾಣೆಯ ಮುಂದೆ ಹಾಯುವವರು ಚಪ್ಪಲಿ ಸಪ್ಪಳವನ್ನೂ ಕಡಿಮೆ ಮಾಡುತ್ತಿದ್ದರು.

ಯುಗಾದಿ ಮುಗಿದು ಬಿಸಿಲೇರತೊಡಗಿದ್ದ ದಿನಗಳಲ್ಲಿ ಒಂದು ಮುಂಜಾನೆ, ರೋಗಿಗಳ ಸಾಲು ಕರಗುವ ಹೊತ್ತಿಗೆ, ಪೊಲೀಸ್ ಖಾಜಾಸಾಬ ಬಂದು ದವಾಖಾನೆಯ ಬಾಗಿಲಲ್ಲಿ ನಿಂತ.

"ಬಾಯಿಯವರ, ಫೌಜದಾರ ಸಾಹೇಬ್ರು ಕರ್ಕೊಂಡ ಬಾ ಅಂದಾರ್ರಿ. ಬ್ಯಾಗ ತಗೋಬೇಕಂತ."

ಸುಮಿತ್ರಾಬಾಯಿ ಆಗಲೇ ಬ್ಯಾಗಿಗೆ ಕೈ ಹಾಕಿದ್ದಳು. ಫೌಜದಾರ ರೇವಣಪ್ಪನ ಹೆಂಡತಿ ರುಕ್ಮವ್ವ ಎಂಟು ತಿಂಗಳ ಗರ್ಭಿಣಿ. ಮೊದಲನೆಯ ಕೂಸು ಹೊಟ್ಟೆಯಲ್ಲೇ ತೀರಿಹೋಗಿತ್ತು. ಈ ಸಲ ರಕ್ತದೊತ್ತಡ ಏರುತ್ತಿತ್ತು, ಕಾಲು ಬಾಯುತ್ತಿದ್ದವು.

"ರುಕ್ಮವ್ವಗ ಏನರ ಆತೇನು?"

"ಇಲ್ರಿ, ಅವ್ರು ಆರಾಮ ಅದಾರ. ಮನೀಗಲ್ಲ, ಠಾಣೇಕ ಬರ್ಬೇಕ್ರಿ." ಖಾಜಾಸಾಬ ತನ್ನ ಬೂಟಿನ ತುದಿ ನೋಡಿಕೊಂಡ. "ಬಂದ ನೋಡ್ರಿ. ನಾ ಏನ ಹೇಳ್ಲಿ."

ಠಾಣೆಯ ಮುಂದಿನ ಬೇವಿನ ಗಿಡದ ಕೆಳಗೆ ಒಬ್ಬ ಹೆಂಗಸು ಕಂಬಳಿಯ ಗಂಟೊಂದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕುರಿ ಕಾಯುವವರ ಹೆಣ್ಣುಮಗಳೆಂದು ಸೀರೆ ಉಟ್ಟ ರೀತಿಯೇ ಹೇಳುತ್ತಿತ್ತು. ಡಾಕ್ಟರ ಬ್ಯಾಗು ಕಂಡದ್ದೇ ಎದ್ದು ನಿಂತಳು. ಏನೋ ಕೇಳಲು ಬಾಯಿ ತೆರೆದಳು. ಖಾಜಾಸಾಬ ಕಣ್ಣಲ್ಲೇ ಸನ್ನೆ ಮಾಡಿದ. ಮತ್ತೆ ಕೂತಳು.

ರೇವಣಪ್ಪ ಒರಟು ಮನುಷ್ಯನೇನೂ ಅಲ್ಲ. ಡಾಕ್ಟರಬಾಯಿ ಬಂದರೆ ಕುರ್ಚಿಯಿಂದ ಏಳುತ್ತಿದ್ದ. ಅಂದೂ ಎದ್ದು ನಿಂತು, ಚಾ ತರಿಸಿ, ಆಮೇಲೆ ವಿಷಯಕ್ಕೆ ಬಂದ.

"ಖಂಡೆಪ್ಪಗೌಡ್ರ ಬಾವಿಮ್ಯಾಗಿನ ಎಣ್ಣಿ ಇಂಜಿನ್ನ ಕಳುವಾಗೇತ್ರಿ. ಬಾಜೂ ಹೊಲದಾಗ ಅಗರಖೇಡದ ಕುರುಬ ಒಬ್ಬಾಂವ ಕುರಿ ನಿಲ್ಲಿಸಿದ್ದ. ಬೀರಣ್ಣ ಅಂತ. ಇಂಜಿನ್ನ ಎಲ್ಲೈತಿ ಅಂತ ಬಾಯಿ ಬಿಡವಲ್ಲ. ಮ್ಯಾಲಿನವರು ದಿನಾ ಫೋನ್ ಮಾಡಿ ನನ್ನ ಜೀವಾ ತಿನ್ನಾಕತ್ತಾರ. ನೀವು ಒಂದ ಸಲ ನಾಡಿ ನೋಡ್ರಿ."

"ನಾಡಿ ನೋಡಿ?"

"ನಿಮ್ಮ ಹಿಂದಿನ ಡಾಕ್ಟರು ನೋಡಿ ಹೇಳಿಬಿಡ್ತಿದ್ರು. ಇನ್ನೂ ತಡೀತಾನೋ, ಬಿಡಬೇಕೋ ಅಂತ. ಅಷ್ಟ ಹೇಳ್ರಿ, ಸಾಕು. ನಮಗೂ ಸುರಕ್ಷಿತ, ಅವನಿಗೂ ಸುರಕ್ಷಿತ."

ಅವನ ದನಿಯಲ್ಲಿ ಕ್ರೌರ್ಯವಿರಲಿಲ್ಲ. ಎತ್ತಿಗೆ ಇನ್ನೆಷ್ಟು ಮೂಟೆ ಹೇರಬಹುದು ಎಂದು ಕೇಳುವವನ ಹಾಗೆ ಕೇಳಿದ್ದ. ಸುಮಿತ್ರಾಬಾಯಿ ಚಾ ಮುಗಿಸಲಿಲ್ಲ. ಕಪ್ಪು ಕೆಳಗಿಟ್ಟು ಎದ್ದಳು.

ಹಿಂದಿನ ಕೋಣೆಯಲ್ಲಿ ಗೋಣಿಚೀಲದ ಮೇಲೆ ಮೂವತ್ತರ ಆಸುಪಾಸಿನ ಗಂಡಸು ಮಲಗಿದ್ದ. ತುಟಿ ಒಡೆದು ಒಣಗಿದ್ದವು. ಅವಳು ಬಗ್ಗಿ ಕೂತು, ಇನ್ನೂ ಏನನ್ನೂ ಕೇಳಿರಲಿಲ್ಲ, ಅವನೇ ಅಂದ: "ಹೊಲದ ಒಡ್ಡಿನಮ್ಯಾಲಿಂದ ಜಾರಿ ಬಿದ್ದೇನ್ರಿ ಯವ್ವಾ."

ಅವನ ಅಂಗಾಲುಗಳನ್ನು ನೋಡಿದಳು. ಬಾತು, ನೀಲಿಗಟ್ಟಿ, ಕಾಲಿನ ಆಕಾರವನ್ನೇ ಕಳೆದುಕೊಂಡಿದ್ದವು. ತೊಡೆಯ ಮಾಂಸ ಜಜ್ಜಿಹೋಗಿ ಕಲ್ಲಿನಂತೆ ಗಟ್ಟಿಯಾಗಿತ್ತು. ಒಡ್ಡಿನಿಂದ ಬಿದ್ದವನಿಗೆ ಮೊಣಕಾಲು ತರಚುತ್ತದೆ, ಕೈ ಮುರಿಯುತ್ತದೆ. ಎರಡೂ ಅಂಗಾಲು ಒಂದೇ ಸಮ ಬಾಯುವುದಿಲ್ಲ. ಮೂಲೆಯಲ್ಲಿದ್ದ ತಂಬಿಗೆಯಲ್ಲಿ ಅವನ ಮೂತ್ರವಿತ್ತು. ಹಾಲು ಹಾಕದ ಚಾದಂತೆ ಕಪ್ಪಗಿತ್ತು.

ಆಗ ಅವಳಿಗೆ ಸೊಲ್ಲಾಪುರದ ಸಭೆ ನೆನಪಾಯಿತು.

ಸಂಕ್ರಾಂತಿ ಆದ ಮೇಲೆ ಅಲ್ಲಿ ಸುತ್ತಮುತ್ತಲಿನ ವೈದ್ಯರು ಒಂದು ದಿನ ಸೇರಿದ್ದರು. ಮಿರಜಿನಲ್ಲಿ ಅವಳಿಗೆ ಶಸ್ತ್ರಚಿಕಿತ್ಸೆ ಕಲಿಸಿದ ಮುದಿ ಗುರುಗಳು ಎದ್ದು ನಿಂತು, ಕನ್ನಡಕ ಏರಿಸಿ, ಹಿಂದಿನ ಅಕ್ಟೋಬರಿನಲ್ಲಿ ಟೋಕಿಯೋದಲ್ಲಿ ಲೋಕದ ವೈದ್ಯರ ಸಂಘ ಮಾಡಿದ ಘೋಷಣೆಯನ್ನು ಓದಿದ್ದರು. ಮನುಷ್ಯನನ್ನು ಹಿಂಸಿಸುವ ಕೆಲಸವನ್ನು ವೈದ್ಯನಾದವನು ಒಪ್ಪಕೂಡದು, ಅದರಲ್ಲಿ ಕೈ ಹಾಕಕೂಡದು, ಅದಕ್ಕೆ ತನ್ನ ವಿದ್ಯೆಯನ್ನಾಗಲಿ ಸಲಕರಣೆಯನ್ನಾಗಲಿ ಕೊಡಕೂಡದು, ಅದು ನಡೆಯುವ ಜಾಗದಲ್ಲಿ ಹಾಜರಿರಕೂಡದು. ಹಿಂಸೆಗೊಳಗಾದವನು ಯಾವ ಅಪರಾಧದ ಮೇಲೆ ಸಿಕ್ಕಿಬಿದ್ದವನೇ ಆಗಿರಲಿ. ಆಮೇಲೆ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯೂ ಅಂಥದೇ ಒಂದು ಘೋಷಣೆ ಮಾಡಿತೆಂದೂ, ಯುದ್ಧವಾಗಲಿ ತುರ್ತು ಪರಿಸ್ಥಿತಿಯಾಗಲಿ ಚಿತ್ರಹಿಂಸೆಗೆ ನೆಪವಾಗಕೂಡದೆಂದು ಅದರಲ್ಲಿದೆಯೆಂದೂ ಗುರುಗಳು ಹೇಳಿದರು. ತುರ್ತು ಪರಿಸ್ಥಿತಿ ಎಂಬ ಮಾತು ಬಿದ್ದದ್ದೇ ಸಭೆ ಗಪ್ಪಾಯಿತು. ಯಾರೋ ಕೆಮ್ಮಿದರು. ಅಧ್ಯಕ್ಷರು ಗಡಿಬಿಡಿಯಿಂದ ಊಟಕ್ಕೆ ಬಿಡುವು ಕೊಟ್ಟರು. ಅವಳೂ ಎಲ್ಲರ ಜೊತೆ ಊಟಕ್ಕೆ ಕೂತಿದ್ದಳು. ಇದೆಲ್ಲ ಚಿಲಿ, ಗ್ರೀಸಿನಂಥ ದೂರದ ದೇಶಗಳ ಮಾತು, ಅಲ್ಲಿಯ ಸೈನಿಕರು, ಅಲ್ಲಿಯ ಸೆರೆಮನೆಗಳು ಎಂದುಕೊಂಡು ಜೋಳದ ರೊಟ್ಟಿ ಮುರಿದಿದ್ದಳು.

ಈಗ ಅವಳ ಬೆರಳು ಬೀರಣ್ಣನ ನಾಡಿಯ ಮೇಲಿತ್ತು. ಬಾಗಿಲಲ್ಲಿ ರೇವಣಪ್ಪ ಉತ್ತರಕ್ಕೆ ಕಾಯುತ್ತಿದ್ದ. ತಡೆಯುತ್ತಾನೆ ಎಂದರೆ ಹೊಡೆತ ಮುಂದುವರಿಯುತ್ತದೆ. ತಡೆಯುವುದಿಲ್ಲ ಎಂದರೆ ಅವನು ಚೇತರಿಸಿಕೊಳ್ಳುವ ತನಕ ಮಾತ್ರ ನಿಲ್ಲುತ್ತದೆ. ಎರಡರಲ್ಲಿ ಯಾವ ಉತ್ತರ ಕೊಟ್ಟರೂ ಆ ಕೋಣೆಯ ಕೆಲಸದಲ್ಲಿ ತಾನೂ ಪಾಲುದಾರಳಾದಂತೆ ಎಂದು ಅವಳಿಗೆ ಹೊಳೆಯಿತು. ನಾಡಿಯಿಂದ ಕೈ ತೆಗೆದಳು.

"ಇಂವನ್ನ ದವಾಖಾನಿಗೆ ಒಯ್ಯಬೇಕು."

"ಅದ್ಹೆಂಗ ಬರ್ತೇತ್ರಿ? ಅಪರಾಧಿ ಅಂವ."

"ಅಪರಾಧಿ ಹೌದೋ ಅಲ್ಲೋ ನನಗ ಗೊತ್ತಿಲ್ಲ. ರೋಗಿ ಹೌದು. ಜಜ್ಜಿದ ಮಾಂಸದ ನಂಜು ರಕ್ತಕ್ಕ ಇಳದೈತಿ. ಮೂತ್ರಪಿಂಡ ನಿಂತ್ರ ಮುಗೀತು."

"ಇಲ್ಲೇ ಒಂದ ಇಂಜೆಕ್ಷನ್ ಕೊಡ್ರಲ್ಲ."

"ಫೌಜದಾರ್ರ," ಸುಮಿತ್ರಾಬಾಯಿ ಎದ್ದು ನಿಂತಳು, "ನಾಳೆ ಇಂವ ಸತ್ತ ಅಂತ ತಿಳೀರಿ. ಪಂಚನಾಮಿ ಮಾಡಿ ಹೆಣಾ ಎಲ್ಲಿಗೆ ಕಳಸ್ತೀರಿ? ನನ್ನ ಕಡೆನ ಕಳಸ್ಬೇಕು. ಕೊಯ್ದು ನೋಡಾಕಿ ನಾನ. ಕಂಡದ್ದನ್ನ ಬರಿಯಾಕಿನೂ ನಾನ. ನಾ ಹೆಂಗ ಬರೀತೇನಿ ಅಂತ ನಿಮಗ ಗೊತ್ತೈತಿ."

ರೇವಣಪ್ಪನ ಮುಖದ ಬಣ್ಣ ಇಳಿಯಿತು. ತುಸು ಹೊತ್ತು ಮೀಸೆ ನೀವಿಕೊಂಡ. ಆಮೇಲೆ, "ಖಾಜಾಸಾಬ, ಗಾಡಿ ಹೂಡಿಸು," ಎಂದ. "ಆದ್ರ ಬಾಗಲಾಗ ಪೊಲೀಸ ಇರ್ತಾನ್ರಿ ಬಾಯಿಯವರ. ಓಡಿಹೋದ್ರ ನಾ ಬೀದಿಗೆ ಬೀಳ್ತೇನಿ."

"ಓಡಾಕ ಅಂವಗ ಕಾಲೆಲ್ಲಿ ಉಳದಾವ?"

ಗಾಡಿ ಠಾಣೆಯಿಂದ ಹೊರಟಾಗ ಬೇವಿನ ಗಿಡದ ಕೆಳಗಿನ ಹೆಂಗಸು ಗಂಟು ಎತ್ತಿಕೊಂಡು ಹಿಂದೆ ಓಡಿಬಂದಳು. ಬೀರಣ್ಣನ ಹೆಂಡತಿ ಶೇವಂತೆವ್ವ. ಕುರಿಗಳನ್ನು ಮೈದುನನಿಗೆ ಒಪ್ಪಿಸಿ ಬಂದು, ಗಂಡ ಸತ್ತಿದ್ದಾನೋ ಬದುಕಿದ್ದಾನೋ ತಿಳಿಯದೆ ಅಲ್ಲಿ ಕೂತಿದ್ದಳು. ದವಾಖಾನೆಯ ಮಂಚದ ಮೇಲೆ ಅವನನ್ನು ಮಲಗಿಸಿದಾಗ ಅವಳು ಅಳಲಿಲ್ಲ. ಗಂಟು ಬಿಚ್ಚಿ ರೊಟ್ಟಿ ತೆಗೆದಳು. ಬಿಸಿಲಿಗೆ ಅವು ಹಲಗೆಯಾಗಿದ್ದವು. ನೀರಲ್ಲಿ ನೆನೆಸಿ ಚೂರು ಚೂರೇ ಅವನ ಬಾಯಿಗೆ ಇಡತೊಡಗಿದಳು.

"ಯವ್ವಾ, ಬದುಕ್ತಾನಲ್ಲ?" ಎಂದು ಮಾತ್ರ ಕೇಳಿದಳು.

"ನೀರು ಕುಡಸು. ಎಷ್ಟ ಕುಡೀತಾನ ಅಷ್ಟ ಕುಡಸು. ಉಚ್ಚಿ ತಿಳಿಯಾದ್ರ ಬದುಕ್ತಾನ."

ದವಾಖಾನೆಯಲ್ಲಿದ್ದ ಸಲಾಯಿನ್ ಬಾಟಲಿಗಳು ಸಾಲದೆ ಇಂಡಿಯಿಂದ ಬಸ್ಸಿನಲ್ಲಿ ತರಿಸಬೇಕಾಯಿತು. ರಾಜಬಿ ಸೋಡಾ ಬೆರೆಸಿದ ನೀರನ್ನು ಹೊತ್ತುಹೊತ್ತಿಗೆ ಕುಡಿಸುತ್ತ, "ಕುಡಿಯೋ ನಮ್ಮಪ್ಪ, ಗೌಡನ ಬಾವಿ ನೀರಲ್ಲ ಇದು, ಹೆದರಬ್ಯಾಡ," ಎನ್ನುತ್ತಿದ್ದಳು. ಬಾಗಿಲಲ್ಲಿ ಕೂತ ಖಾಜಾಸಾಬ ಅದನ್ನು ಕೇಳಿ ನಕ್ಕು, ಯಾರಾದರೂ ನೋಡಿದರೇನೋ ಎಂದು ಮುಖ ತಿರುಗಿಸುತ್ತಿದ್ದ. ವಾರ ತುಂಬುವುದರೊಳಗೆ ಮೂತ್ರದ ಕಪ್ಪು ಇಳಿದು ಕೆಂಪಾಯಿತು, ಕೆಂಪಿಳಿದು ಹಳದಿಯಾಯಿತು. ಶೇವಂತೆವ್ವ ಅದನ್ನು ಬಿಸಿಲಿಗೆ ಹಿಡಿದು ನೋಡಿ, ದೇವರ ಮುಂದೆ ನಿಂತವಳ ಹಾಗೆ ಕಣ್ಣು ಮುಚ್ಚಿದಳು.

ಬೀರಣ್ಣನಿಗೆ ಜೀವ ಬಂದ ಮೇಲೆ ಭಯವೂ ಬಂತು. ಬೂಟಿನ ಸಪ್ಪಳವಾದರೆ ಗೋಡೆಗೆ ಒತ್ತಿಕೊಳ್ಳುತ್ತಿದ್ದ. ಸುಮಿತ್ರಾಬಾಯಿ ಗಾಯ ತೊಳೆಯುವಾಗೆಲ್ಲ, ಒಡ್ಡಿನಿಂದ ಬಿದ್ದೆ ಎಂದೇ ಹೇಳುತ್ತಿದ್ದ. ಅವಳು ಒತ್ತಾಯ ಮಾಡಲಿಲ್ಲ. ಒಂದು ದಿನ ಬಟ್ಟೆ ಕಟ್ಟುತ್ತಿದ್ದಾಗ ಅವನಾಗಿಯೇ ಮಾತು ತೆಗೆದ.

"ಅವ್ರು ಕೇಳಿದ್ದು ನನಗ ಗೊತ್ತಿದ್ರ ಹೇಳಿಬಿಡ್ತಿದ್ನ್ರಿ. ಗೊತ್ತಿಲ್ಲದ್ದನ್ನ ಏನಂತ ಹೇಳ್ಲಿ? ಕಡೀಕ, ಹೌದು ನಾನ ಕದ್ದೇನಿ ಅಂದೆ. ಹಂಗಾರ ಎಲ್ಲಿಟ್ಟಿ ಅಂತ ಮತ್ತ ಬಡದ್ರು. ಅದಕ್ಕ ಏನ ಹೇಳೂದ್ರಿ?"

ಸುಮಿತ್ರಾಬಾಯಿ ಬಟ್ಟೆಯ ಗಂಟು ಬಿಗಿದಳು.

ಎರಡು ದಿನದ ಮೇಲೆ ರೇವಣಪ್ಪ ಬಂದ. ಜೊತೆಗೆ ಖಂಡೆಪ್ಪಗೌಡರು ಕಳಿಸಿದ ದ್ರಾಕ್ಷಿಯ ಬುಟ್ಟಿ. ಅದನ್ನು ಮೇಜಿನ ಮೇಲಿಟ್ಟು ದನಿ ತಗ್ಗಿಸಿದ.

"ಅಂವ ಆರಾಮ ಆಗ್ಯಾನಂತ ಕೇಳಿದೆ. ಒಡ್ಡಿನಮ್ಯಾಲಿಂದ ಬಿದ್ದು ಪೆಟ್ಟಾಗೇತಿ, ಈಗ ಫಿಟ್ ಅದಾನ ಅಂತ ಬರದ ಕೊಡ್ರಿ. ನಾ ಕರ್ಕೊಂಡ ಹೋಗ್ತೇನಿ."

"ಅಂಗಾಲಿಗೆ ಬಡಿಗೀಲೆ ಹೊಡದ ಗಾಯ ಅಂತ ನಾ ಆಗಲೇ ರಿಜಿಸ್ಟರನ್ಯಾಗ ಬರದೇನಿ."

ರೇವಣಪ್ಪ ಬುಟ್ಟಿಯನ್ನು ಅವಳತ್ತ ಸರಿಸಿದ. "ಬಾಯಿಯವರ, ನಾ ನಿಮ್ಮನ್ನ ಅಕ್ಕನಂಗ ತಿಳದೇನಿ. ಇದು ಎಂಥಾ ಕಾಲ ಅಂತ ನಿಮಗ ಗೊತ್ತೈತಿ. ಮ್ಯಾಲಿನವರು ನನ್ನ ನೌಕರಿ ತೆಗದ್ರ ತೆಗೀಲಿ, ನಿಮ್ಮನ್ನೂ ಬಿಡೂದಿಲ್ಲ."

"ತಿಳೀತು. ದ್ರಾಕ್ಷಿ ಗೌಡ್ರಿಗೆ ತಿರುಗಿ ಮುಟ್ಟಸ್ರಿ."

ಅವನು ಹೋದ ಮೇಲೆ ಅವಳಿಗೆ ನಿಜಕ್ಕೂ ಹೆದರಿಕೆಯಾಯಿತು. ಸರಕಾರಿ ನೌಕರಿ ಬಿಟ್ಟರೆ ಬೇರೆ ಗತಿಯಿರಲಿಲ್ಲ. ಚಡಚಣದ ಮನೆಯಲ್ಲಿ ಅಣ್ಣಂದಿರ ಹೆಂಡಿರ ಕೈಕೆಳಗೆ ಹೋಗಿ ಕೂಡುವ ಯೋಚನೆಗೇ ಮೈ ಹಿಡಿಯಾಯಿತು. ಅಂದು ಬಂದ ರೋಗಿಗಳಿಗೆ ಅವಳು ಒಂದೇ ಪ್ರಶ್ನೆಯನ್ನು ಎರಡೆರಡು ಸಲ ಕೇಳಿದಳು. ರಾಜಬಿ ತಿದ್ದಿದಳು.

ಮರುದಿನ ಬೆಳಿಗ್ಗೆ ರುಕ್ಮವ್ವನಿಗೆ ಬೇನೆ ಶುರುವಾಯಿತು. ದಿನ ತುಂಬುವ ಮೊದಲೇ, ಒತ್ತಡ ಮಿತಿಮೀರಿ, ಕಣ್ಣು ಮಂಜಾಗಿ, ಅವಳನ್ನು ಮಂಚದ ಸಮೇತ ಹೊತ್ತು ತಂದರು. ಸುಮಿತ್ರಾಬಾಯಿ ಬೇರೆಲ್ಲ ಮರೆತಳು. ಒಮ್ಮೆ ಸೆಳವು ಬಂದು ರುಕ್ಮವ್ವನ ಹಲ್ಲು ಕಚ್ಚಿಕೊಂಡಾಗ, ಬಾಗಿಲಾಚೆ ರೇವಣಪ್ಪ ಸಣ್ಣ ಹುಡುಗನಂತೆ ಬಿಕ್ಕುವುದು ಒಳಗೆ ಕೇಳುತ್ತಿತ್ತು. ಆಳು ಸಾಲದೆ ರಾಜಬಿ ಹೊರಗೋಡಿ ಶೇವಂತೆವ್ವನನ್ನು ಎಳೆದು ತಂದಳು. ಕುರಿ ಈಯಿಸಿ ಪಳಗಿದ್ದ ಆ ಗಟ್ಟಿ ಕೈಗಳು ಫೌಜದಾರನ ಹೆಂಡತಿಯ ಹೆಗಲನ್ನು ಹಿಡಿದು ನಿಲ್ಲಿಸಿದವು. "ಹೆದರಬ್ಯಾಡ ನನ್ನವ್ವ, ಹೆದರಬ್ಯಾಡ," ಎನ್ನುತ್ತಲೇ ಇದ್ದಳು ಶೇವಂತೆವ್ವ. ಹೆಗಲ ಮೇಲಿನ ಕೈ ಯಾರದೆಂದು ರುಕ್ಮವ್ವನಿಗೆ ತಿಳಿಯುವ ಸ್ಥಿತಿಯಿರಲಿಲ್ಲ. ಹಿಡಿದವಳಿಗೆ ಎಲ್ಲ ತಿಳಿದಿತ್ತು.

ಮಧ್ಯಾಹ್ನದ ಹೊತ್ತಿಗೆ ಹೆಣ್ಣುಕೂಸು ಹುಟ್ಟಿತು. ಸಣ್ಣದು, ಆದರೆ ಅಳುವ ದನಿ ಗಟ್ಟಿಯಿತ್ತು. ತಾಯಿ ಉಳಿದಳು.

ರೇವಣಪ್ಪ ಕೂಸಿನ ಮುಖ ನೋಡಿ ಹೊರಬಂದವನು ಸುಮಿತ್ರಾಬಾಯಿಯ ಕಾಲಿಗೆ ಬೀಳಲು ಬಗ್ಗಿದ. ಅವಳು ಹಿಂದೆ ಸರಿದಳು.

"ನಿಮ್ಮ ಋಣಾ ಹೆಂಗ ತೀರಸಲಿ, ಅಕ್ಕಾರ?"

"ಬೀರಣ್ಣನ್ನ ಇಂಡಿ ಕೋರ್ಟಿಗೆ ಹಾಜರ ಮಾಡ್ರಿ. ಕಾಯ್ದೇಲೆ ಏನಾಗ್ತೈತಿ ಆಗ್ಲಿ."

"ಅದು ನನ್ನ ಕೈಯಾಗಿಲ್ರಿ. ಅಂವನ್ನ ಹಿಡದದ್ದು ದಫ್ತರನ್ಯಾಗ ಬರದೇ ಇಲ್ಲ. ಈಗ ಹಾಜರ ಮಾಡಿದ್ರ, ಇಷ್ಟ ದಿನಾ ಎಲ್ಲಿಟ್ಟಿದ್ದಿ ಅಂತ ಕೇಳ್ತಾರ." ಅವನು ಕಣ್ಣೊರೆಸಿಕೊಂಡು, ಮಂಚದ ಮೇಲೆ ಬಟ್ಟೆ ಸುತ್ತಿದ ಎರಡು ಕಾಲುಗಳನ್ನು ಬಾಗಿಲ ಸಂದಿಯಿಂದ ನೋಡಿದ. ಪಕ್ಕದಲ್ಲಿ ಶೇವಂತೆವ್ವ ಕೈ ತೊಳೆದುಕೊಳ್ಳುತ್ತಿದ್ದಳು. ಅವಳು ತಲೆಯೆತ್ತಿ ಅವನನ್ನೇ ನೋಡಿದಳು. ರೇವಣಪ್ಪ ಮುಖ ತಿರುಗಿಸಿದ. ಆಮೇಲೆ ಯಾರಿಗೂ ಅಲ್ಲವೆಂಬಂತೆ, "ಖಾಜಾಸಾಬ, ಮನ್ಯಾಗ ಪೇಢೆ ಹಂಚೂದೈತಿ. ನೀನೂ ಬಾ. ಇಲ್ಲಿ ಇವತ್ತ ಯಾರೂ ಬ್ಯಾಡ," ಎಂದು ಹೇಳಿ ನಡೆದುಬಿಟ್ಟ.

ಸುಮಿತ್ರಾಬಾಯಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದದ್ದೇ, ತಾನು ಕಂಡ ಗಾಯಗಳನ್ನೆಲ್ಲ ಬರೆದು ಸಹಿ ಮಾಡಿ ಶೇವಂತೆವ್ವನ ಕೈಗಿತ್ತಳು. "ಇಂಡ್ಯಾಗ ಬಸಂತರಾಯ ವಕೀಲ್ರ ಮನಿ ಕೇಳ್ರಿ. ಅವ್ರು ಕೋರ್ಟಿಗೆ ಕರ್ಕೊಂಡ ಹೋಗ್ತಾರ. ಮ್ಯಾಜಿಸ್ಟ್ರೇಟ ಸಾಹೇಬರ ಮುಂದ ಕಾಲಿನ ಬಟ್ಟಿ ಬಿಚ್ಚಿ ಅಂಗಾಲು ತೋರಸ್ರಿ." ರಾಜಬಿ ತನ್ನ ತಮ್ಮನ ಗಾಡಿ ಹೂಡಿಸಿದಳು. ಬಿಸಿಲು ಇಳಿಯುವ ಮೊದಲೇ ಗಂಡಹೆಂಡಿರನ್ನು ಹೊತ್ತ ಗಾಡಿ ಇಂಡಿಯ ದಾರಿ ಹಿಡಿಯಿತು.

ಬಸಂತರಾಯರು ಹಳೆಯ ವಕೀಲರು. ತುರ್ತು ಪರಿಸ್ಥಿತಿ ಬಂದ ಮೇಲೆ ಅವರ ಮನೆಗೆ ಬರುವ ಪಕ್ಷಕಾರರು ಕಡಿಮೆಯಾಗಿದ್ದರು, ಮಾತು ಮಾತ್ರ ಕಡಿಮೆಯಾಗಿರಲಿಲ್ಲ. ಓಡಿಹೋದ ಆರೋಪಿಯೆಂದು ಹಿಡಿಯುತ್ತಾರೇನೋ ಎಂದು ಬೀರಣ್ಣ ನಡುಗುತ್ತಿದ್ದರೆ, ಅವರು ಗಹಗಹಿಸಿ ನಕ್ಕರಂತೆ. "ಎಲ್ಲಿಂದ ಓಡಿ ಬಂದೀಪಾ? ದಫ್ತರದ ಪ್ರಕಾರ ನಿನ್ನ ಯಾರೂ ಹಿಡದೇ ಇಲ್ಲ!"

ಮ್ಯಾಜಿಸ್ಟ್ರೇಟರು ಅಂಗಾಲು ನೋಡಿದರು, ಕಾಗದ ಓದಿದರು, ಡಾಕ್ಟರನ್ನೂ ಫೌಜದಾರನನ್ನೂ ಕರೆಸಿದರು.

ಸುಮಿತ್ರಾಬಾಯಿ ಕಟಕಟೆ ಹತ್ತಿದ ದಿನ ಕೋರ್ಟಿನಲ್ಲಿ ಜನ ತುಂಬಿದ್ದರು. ಕಂಡದ್ದನ್ನು ಕಂಡ ಹಾಗೆ ಹೇಳಿದಳು: ಅಂಗಾಲು, ತೊಡೆ, ಮೂತ್ರ. ಠಾಣೆಗೆ ತನ್ನನ್ನು ಏಕೆ ಕರೆದರು ಎಂಬುದನ್ನೂ ಹೇಳಿದಳು. ಸರಕಾರಿ ವಕೀಲ ಎದ್ದು, ಠಾಣೆಯಲ್ಲೇ ತಪಾಸಣೆ ಮಾಡಿ ಅಭಿಪ್ರಾಯ ಹೇಳಬಾರದೆಂದು ಯಾವ ಕಾಯ್ದೆಯಲ್ಲಿದೆ ಎಂದು ಕೇಳಿದ.

"ಹೊಡೀಲಿಕ್ಕೆ ಇನ್ನೆಷ್ಟು ತಡೀತಾನ ಅಂತ ಡಾಕ್ಟರು ಹೇಳಕೂಡದು. ಟೋಕಿಯೋದಾಗ ಲೋಕದ ಡಾಕ್ಟರೆಲ್ಲಾ ಕೂಡಿ ಹಂಗಂತ ಠರಾವು ಮಾಡ್ಯಾರ್ರಿ."

"ಟೋಕಿಯೋ!" ವಕೀಲ ಜನರತ್ತ ತಿರುಗಿದ. "ಅದು ಯಾವ ತಾಲೂಕಿನ್ಯಾಗ ಬರ್ತೇತ್ರಿ, ಇಂಡಿಯೋ ಸಿಂದಗಿಯೋ?"

ಕೋರ್ಟು ಗೊಳ್ಳೆಂದಿತು. ಸುಮಿತ್ರಾಬಾಯಿಯ ಮುಖ ಕೆಂಪಾಯಿತು. ನಗೆ ಇಳಿಯುವ ತನಕ ಕಾದಳು.

"ತಾಲೂಕು ಬ್ಯಾರೆ ಇರಬಹುದ್ರಿ. ಅಂಗಾಲು ಎಲ್ಲಾ ಕಡೆ ಒಂದ ಥರಾ ಇರ್ತಾವ. ಬಡದ್ರ ಒಂದ ಥರಾ ಬಾಯ್ತಾವ."

ಮ್ಯಾಜಿಸ್ಟ್ರೇಟರು ನಗಲಿಲ್ಲ. ತಲೆ ಬಗ್ಗಿಸಿ ಬರೆದುಕೊಂಡರು. ರೇವಣಪ್ಪ ತನ್ನ ಸರದಿ ಬಂದಾಗ, ಬೀರಣ್ಣ ಒಡ್ಡಿನಿಂದ ಬಿದ್ದವನೆಂದೇ ಹೇಳಿದ. ಹೇಳುವಾಗ ಡಾಕ್ಟರಬಾಯಿಯತ್ತ ಒಮ್ಮೆಯೂ ನೋಡಲಿಲ್ಲ.

ಬೀರಣ್ಣನನ್ನು ಮತ್ತೆ ಠಾಣೆಗೆ ಕರೆಯಕೂಡದು, ಕೇಳುವುದಿದ್ದರೆ ಕೋರ್ಟಿನ ಮುಂದೆಯೇ ಕೇಳಬೇಕು ಎಂದು ಆದೇಶವಾಯಿತು. ಇಂಜಿನ್ನು ಕೊನೆಗೂ ಸಿಗಲಿಲ್ಲ. ಗೌಡರು ಹೊಸದು ತಂದರು, ಹಳೆಯದನ್ನು ಎಲ್ಲರೂ ಮರೆತರು. ಫೌಜದಾರನ ಮೇಲೆ ವಿಚಾರಣೆ ಮಾಡಬೇಕೆಂದು ಮ್ಯಾಜಿಸ್ಟ್ರೇಟರು ಬರೆದ ಕಾಗದ ಮೇಲೆ ಹೋಗಿ ಅಲ್ಲೇ ಉಳಿಯಿತು. ಅವನಿಗೆ ವರ್ಗವಾಯಿತು, ಅಷ್ಟೇ. ಹೋಗುವ ಮುನ್ನ ರುಕ್ಮವ್ವ ಕೂಸನ್ನು ತೋರಿಸಲು ಬಂದಿದ್ದಳು. ಡಾಕ್ಟರಬಾಯಿಯ ಹೆಸರನ್ನೇ ಇಡಬೇಕೆಂದಿದ್ದಳಂತೆ. ಗಂಡ ಒಪ್ಪದೆ ಅಜ್ಜಿಯ ಹೆಸರು, ಸಿದ್ದಲಿಂಗವ್ವ ಎಂದು ಇಟ್ಟಿದ್ದರು. "ಇವರ ಮನಸು ಕೆಟ್ಟದ್ದಲ್ರಿ ಅಕ್ಕಾ," ಎಂದಳು ರುಕ್ಮವ್ವ. ಸುಮಿತ್ರಾಬಾಯಿ ಕೂಸಿನ ತೂಕ ನೋಡಿ, "ಛಲೋ ಬೆಳದೈತಿ. ಎದಿಹಾಲು ಬಿಡಸಬ್ಯಾಡ," ಎಂದಳು. ರುಕ್ಮವ್ವ ಹೇಳಿದ್ದು ಸುಳ್ಳೆಂದು ಅವಳಿಗೆ ಅನಿಸಲಿಲ್ಲ. ಅಂಥ ಮನುಷ್ಯನ ಕೈಯಲ್ಲೂ ಬಡಿಗೆ ಬಂತಲ್ಲ ಎಂಬುದೇ ಅವಳನ್ನು ಬಹಳ ದಿನ ಕಾಡಿತು.

ಮಳೆಗಾಲ ಶುರುವಾಗುವ ಮೊದಲೇ ಅವಳಿಗೂ ವರ್ಗದ ಆದೇಶ ಬಂತು. ಬಸವನ ಬಾಗೇವಾಡಿ ತಾಲೂಕಿನಲ್ಲಿ, ಕೊಲ್ಹಾರದ ಹತ್ತಿರ, ಹೊಳೆದಂಡೆಯ ಒಂದು ಹಳ್ಳಿ. ದವಾಖಾನೆಯೆಂದರೆ ಎರಡು ಕೋಣೆ, ಸೋರುವ ಹೆಂಚು. ಹಾಲಗುಂಡನಾಳದ ಹೆಂಗಸರು ಬಸ್ಸಿನ ತನಕ ಬಂದು ಅತ್ತರು. ರಾಜಬಿ ಅಳಲಿಲ್ಲ, ಸರಕಾರವನ್ನು ಬಾಯಿತುಂಬ ಬೈದಳು. ತುರ್ತು ಪರಿಸ್ಥಿತಿಯ ಹೆದರಿಕೆ ಅವಳ ಬಾಯಿಗೆ ಇರಲಿಲ್ಲ.

ಹೊಸ ಊರಲ್ಲಿ ಸುಮಿತ್ರಾಬಾಯಿ ಮೊದಲ ವಾರವೇ ಅಲ್ಲಿಯ ಪೊಲೀಸರಿಗೆ ಹೇಳಿ ಕಳಿಸಿದಳು: ತಾನು ಠಾಣೆಗೆ ಬರುವುದಿಲ್ಲ, ಯಾರನ್ನು ತೋರಿಸುವುದಿದ್ದರೂ ದವಾಖಾನೆಗೆ ತರಬೇಕು, ತಂದವರನ್ನು ಬಾಗಿಲ ಹೊರಗೆ ನಿಲ್ಲಿಸಿಯೇ ತಾನು ನೋಡುವುದು. ಅವರು ಗೊಣಗಿದರು. ಹುಚ್ಚಿ ಎಂದರು. ಆದರೆ ತಂದರು.

ಎಪ್ಪತ್ತೇಳರಲ್ಲಿ ತುರ್ತು ಪರಿಸ್ಥಿತಿ ಹೋಯಿತು. ಮರುವರ್ಷ ಸುಗ್ಗಿ ಮುಗಿದ ಮೇಲೆ ಒಂದು ಮುಂಜಾನೆ, ದವಾಖಾನೆಯ ಹಿಂದಿನ ಹಾದಿ ತುಂಬ ಕುರಿಗಳ ಹಿಂಡು ಧೂಳೆಬ್ಬಿಸಿಕೊಂಡು ಹೊಳೆಯತ್ತ ಇಳಿಯುತ್ತಿತ್ತು. ಹಿಂಡಿನ ಹಿಂದೆ ಕೋಲು ಹಿಡಿದು, ಕಂಬಳಿ ಹೆಗಲಿಗೇರಿಸಿಕೊಂಡು ನಡೆಯುತ್ತಿದ್ದವಳು ಹೆಂಗಸು. ಸುಮಿತ್ರಾಬಾಯಿ ಕೈಯಲ್ಲಿದ್ದ ಸಿರಿಂಜು ಕೆಳಗಿಟ್ಟು ಹೊರಗೆ ಬಂದಳು.

"ಶೇವಂತೆವ್ವ!"

ಶೇವಂತೆವ್ವ ಓಡಿಬಂದು ಕೈ ಹಿಡಿದುಕೊಂಡಳು. ಬಿಸಿಲಿಗೆ ಇನ್ನಷ್ಟು ಕರ್ರಗಾಗಿದ್ದಳು. ಬೀರಣ್ಣ ಬದುಕಿದ್ದಾನೆ, ಎಡಗಾಲು ಎಳೆಯುತ್ತಾನೆ, ಹಿಂಡಿನ ಹಿಂದೆ ಊರೂರು ನಡೆಯಲಾರ. ಅಗರಖೇಡದಲ್ಲಿ ಮನೆಯಲ್ಲೇ ಕೂತು ಉಣ್ಣೆ ನೂಲುತ್ತಾನೆ, ಕಂಬಳಿ ನೇಯುತ್ತಾನೆ. ಹಿಂಡು ಅವಳ ಪಾಲಿಗೆ ಬಂದಿದೆ. ಈಗ ಮುದ್ದೇಬಿಹಾಳದ ಕಡೆ ಹೊರಟಿದ್ದಳು.

"ಮಂದಿ ಆಡಕೋತಾರ್ರಿ, ಹೆಂಗಸು ಕುರಿ ಹಿಂದ ಹೊಂಟಾಳಂತ. ಆಡ್ಲಿ. ಕುರಿ ಏನ ಕೇಳ್ತಾವ, ಗಂಡಸೋ ಹೆಂಗಸೋ ಅಂತ?"

"ನಿದ್ದಿ ಬರ್ತೇತೇನು ಬೀರಣ್ಣಗ?"

ಶೇವಂತೆವ್ವ ಕಂಬಳಿಯನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. "ಒಮ್ಮೊಮ್ಮಿ ಚೀರ್ತಾನ್ರಿ. ನಾ ಇಲ್ದಾಗ ಅತ್ತಿ ಎಬ್ಬಸ್ತಾಳ. ಮದಲಿನಷ್ಟಿಲ್ಲ." ಆಮೇಲೆ ಮುಖ ಅರಳಿಸಿದಳು. "ಹೇಳಾಕ ಮರತೆ ನೋಡ್ರಿ. ಹ್ವಾದ ದೀಪಾವಳಿಗೆ ನನ್ನ ಮೈದುನ ಪರಸಪ್ಪನ್ನ ಹಿಡದ್ರು. ಯಾರದೋ ಮೇವಿನ ಬಣಿವಿಗೆ ಬೆಂಕಿ ಹಚ್ಯಾನಂತ ಅಂವನ ಮ್ಯಾಲ ಸಂಶಾ. ಠಾಣೇದ ಹೆಸರ ಹೇಳೂದಿಲ್ಲ, ಈ ಕಡೀದಲ್ಲ. ನಾ ಈ ಸಲಾ ಗಿಡದ ಕೆಳಗ ಕುಂಡ್ರಲಿಲ್ರಿ. ನಮ್ಮ ಹಟ್ಟಿ ಹೆಂಗಸರನ್ನೆಲ್ಲಾ ಕರ್ಕೊಂಡ ಒಳಗ ಹ್ವಾದೆ. ಹಿಡದೀರಂದ್ರ ಬರಕೋರ್ರಿ, ಬರಕೊಂಡ್ರ ಕೋರ್ಟಿಗೆ ಒಯ್ಯಿರಿ, ಒಯ್ಯೂಕಿಂತ ಮದಲ ಡಾಕ್ಟರಿಗೆ ತೋರಸ್ರಿ ಅಂದೆ."

"ಏನಂದ್ರು?"

"ಬೈದ್ರು. ಇದನ್ನ ನಿನಗ ಯಾರ ಕಲಿಸ್ಯಾರ ಅಂದ್ರು. ಲೋಕದ ಡಾಕ್ಟರೆಲ್ಲಾ ಕೂಡಿ ಠರಾವ ಮಾಡ್ಯಾರ, ನಿಮಗ ಸುದ್ದಿ ಬಂದಿಲ್ಲೇನು ಅಂದೆ. ನೀವು ಕೋರ್ಟಿನ್ಯಾಗ ಹೇಳಿದ ಊರಿನ ಹೆಸರ ನೆನಪಾಗಲಿಲ್ರಿ."

ಸುಮಿತ್ರಾಬಾಯಿ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಬಿಟ್ರೇನು ಪರಸಪ್ಪನ್ನ?"

"ಸಂಜಿಕ ಬಿಟ್ರು. ಎರಡೇಟು ಬಿದ್ದಿದ್ದುವು, ಇಲ್ಲ ಅನ್ನೂದಿಲ್ಲ. ಆದ್ರ ಮನೀಗೆ ತನ್ನ ಕಾಲಮ್ಯಾಲ ನಡಕೋತ ಬಂದ."

ಹಿಂಡಿನ ಮುಂದಿನ ಕುರಿಗಳು ಆಗಲೇ ನೀರಿಗೆ ಬಾಯಿ ಹಚ್ಚಿದ್ದವು. ಹಿಂದಿನವು ನುಗ್ಗಾಡುತ್ತಿದ್ದವು. ಶೇವಂತೆವ್ವ ಮಾತು ಅರ್ಧಕ್ಕೇ ಬಿಟ್ಟು, ಹೋಯ್ ಎಂದು ಕೂಗುತ್ತ ಕೋಲು ಎತ್ತಿಕೊಂಡು ದಂಡೆಯತ್ತ ಓಡಿದಳು. ಸುಮಿತ್ರಾಬಾಯಿ ಅವಳಿಗೆ ರೊಟ್ಟಿ ಕಟ್ಟಿಕೊಡಲೆಂದು ಒಳಗೆ ನಡೆದಳು.